ಬೆಟ್ಟದ ಮೇಲಿನ ಇಟಲಿ: ದಕ್ಷಿಣ ಬ್ರೆಜಿಲ್‌ನಲ್ಲಿ ಹಾಡುಗಳ ಬೆನ್ನು ಹತ್ತಿ

ಮಂಗಳವಾರ: ಪೋರ್ಟೊ ಅಲೆಗ್ರೆಯಿಂದ ಕಶಿಯಾಸ್‌ಗೆ

ಜೂನ್ ತಿಂಗಳು. ರಿಯೊ ಗ್ರಾಂಡೆ ದೊ ಸುಲ್ ರಾಜ್ಯದಲ್ಲಿ ಇದು ಕೊರೆಯುವ ಚಳಿಗಾಲ. ಪೋರ್ಟೊ ಅಲೆಗ್ರೆಯಿಂದ ಬೆಳಿಗ್ಗೆಯ ಬಸ್ ಹತ್ತಿದೆವು. ಜೊತೆಗಿದ್ದವರು ಸಾವೊ ಪಾಲೊದ ನನ್ನ ಸಹೋದ್ಯೋಗಿ, ಗೆಳತಿ. ಅವರ ತವರು ಈ ಬೆಟ್ಟದ ಸೀಮೆಯೇ. ಕೆಲಸ ನಡೆಯುವಷ್ಟು ಪೋರ್ಚುಗೀಸ್ ನನಗೆ ಬರುತ್ತದೆ. ಆದರೆ ನಾನು ಕೇಳಲು ಹೊರಟಿದ್ದ ಹಾಡುಗಳು ಇಟಲಿಯಿಂದ ಇಲ್ಲಿಗೆ ವಲಸೆ ಬಂದವರ ತಾಲಿಯಾನ್ ಭಾಷೆಯವು. ಅದಕ್ಕೆ ಅವರೇ ನನಗೆ ಕಿವಿ, ಅವರೇ ಬಾಯಿ.

ಊರು ದಾಟುವಾಗ ಕೆಲವು ಗೋಡೆಗಳ ಮೇಲೆ ಆಳೆತ್ತರದ ಕಂದು ಗೆರೆ ಕಾಣುತ್ತಿತ್ತು. 2024ರ ಮೇ ತಿಂಗಳ ನೆರೆ ಬಿಟ್ಟುಹೋದ ಗುರುತು. ಆಗ ಇಲ್ಲಿನ ವಿಮಾನ ನಿಲ್ದಾಣವೇ ತಿಂಗಳುಗಟ್ಟಲೆ ಮುಚ್ಚಿತ್ತು. ಮೇಲೆ ಬೆಟ್ಟದಲ್ಲಿ ಗುಡ್ಡಗಳು ಕುಸಿದವು, ತೋಟಗಳು ಕೊಚ್ಚಿ ಹೋದವು.

ಒಂದು ಗಂಟೆ ಕಳೆಯುವಷ್ಟರಲ್ಲಿ ಕಾಯಿ ನದಿ ಸಿಗುತ್ತದೆ. 1875ರಲ್ಲಿ ಬಂದ ಇಟಲಿಯವರು ಪೋರ್ಟೊ ಅಲೆಗ್ರೆಯಿಂದ ದೋಣಿ ಹತ್ತಿ ಇದೇ ನದಿಯಲ್ಲಿ ಮೇಲಕ್ಕೆ ಬಂದರು. ದೋಣಿ ಹೋಗುವಷ್ಟು ಹೋಯಿತು. ಆಮೇಲೆ ಹೇಸರಗತ್ತೆ, ಕಾಲ್ನಡಿಗೆ, ದಟ್ಟ ಕಾಡು. ಕೆಳಗಿನ ಕಣಿವೆಯ ಒಳ್ಳೆಯ ಜಮೀನು 1824ರಿಂದಲೇ ಬರತೊಡಗಿದ್ದ ಜರ್ಮನ್ನರ ಪಾಲಾಗಿತ್ತು. ಇವರಿಗೆ ಉಳಿದದ್ದು ಕಡಿದಾದ ಬೆಟ್ಟ. ಬಸ್ ಒಂದೊಂದೇ ತಿರುವು ಹತ್ತುವಾಗ ನನಗೆ ಬೇರೇನೂ ತೋಚಲಿಲ್ಲ. ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಇದನ್ನು ಹತ್ತಿದ ಹೆಂಗಸರು ಹೇಗಿದ್ದಿರಬಹುದು ಅನ್ನುವುದೊಂದೇ ಯೋಚನೆ.

ಕಶಿಯಾಸ್‌ಗೆ ಮೊದಲು ನೋವಾ ಮಿಲಾನೊದಲ್ಲಿ ಇಳಿದೆವು. ಫಾರೂಪಿಲ್ಯಾ ಊರಿಗೆ ಸೇರಿದ ಚಿಕ್ಕ ಜಾಗ ಇದು. 1875ರ ಮೇ ತಿಂಗಳಲ್ಲಿ ಈ ರಾಜ್ಯಕ್ಕೆ ಬಂದ ಮೊದಲ ಕುಟುಂಬಗಳು ನೆಲೆ ನಿಂತದ್ದು ಇಲ್ಲೇ. ಈಗ 150 ವರ್ಷವಾಯಿತು, ಎಲ್ಲೆಲ್ಲೂ ಅದರ ಬ್ಯಾನರ್. ಚರ್ಚಿನ ಪಕ್ಕದ ಅಂಗಡಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ರೇಡಿಯೊದಲ್ಲಿ 'ಮೇರಿಕಾ, ಮೇರಿಕಾ' ಬಂತು. ಅಂಗಡಿಯಾಕೆ ಲೋಟ ಒರೆಸುತ್ತಲೇ ಜೊತೆಗೆ ಹಾಡಿದರು. ಇದು ಆಂಜೆಲೊ ಜುಸ್ತಿ ಎಂಬುವರ ಹೆಸರಿನಲ್ಲಿರುವ ಹಾಡು. 2005ರಲ್ಲಿ ರಾಜ್ಯ ಸರ್ಕಾರ ಇದನ್ನು ಇಟಾಲಿಯನ್ ವಲಸಿಗರ ಅಧಿಕೃತ ಗೀತೆ ಎಂದು ಕಾನೂನು ಮಾಡಿತು. ನಾಡಗೀತೆಯ ಗತ್ತು ಇದರಲ್ಲಿ ಇಲ್ಲ. ಮಾನ ಒಂದನ್ನೇ ಹೊತ್ತು ಇಟಲಿ ಬಿಟ್ಟೆವು, 36 ದಿನ ಉಗಿಹಡಗಿನಲ್ಲಿ ಬಂದೆವು, ಬಂದರೆ ಹುಲ್ಲೂ ಇಲ್ಲ, ದನಗಳ ಹಾಗೆ ಬರಿ ನೆಲದ ಮೇಲೆ ಮಲಗಿದೆವು. ಹಾಡು ಹೇಳುವುದು ಇಷ್ಟನ್ನು. ಪಲ್ಲವಿಯಲ್ಲಂತೂ ಈ ಅಮೆರಿಕ ಎಂಬುದು ಏನಿರಬಹುದು ಎಂದು ಕೇಳುತ್ತಾರೆ. ಒಂದು ಸರ್ಕಾರ ಇಂಥ ಹಾಡನ್ನು ಅಧಿಕೃತ ಮಾಡಿದ್ದು ನನಗೆ ತುಂಬಾ ಇಷ್ಟವಾಯಿತು.

ಬುಧವಾರ: ಕಶಿಯಾಸ್ ದೊ ಸುಲ್

ಕಶಿಯಾಸ್ ಈಗ 4.6 ಲಕ್ಷ ಜನರ ಕೈಗಾರಿಕಾ ನಗರ. ಬಸ್ಸು, ಲಾರಿಗಳ ಬಾಡಿ ಕಟ್ಟುವ ಊರು. ಮೊದಲ ನೋಟಕ್ಕೆ ಹಾಡಿನ ಊರು ಅನ್ನಿಸುವುದಿಲ್ಲ. ಕಾಸಾ ದೆ ಪೆದ್ರಾ ಎಂಬ ಕಲ್ಲಿನ ಮನೆಗೆ ಹೋದೆವು. 19ನೇ ಶತಮಾನದ ಕೊನೆಯಲ್ಲಿ ಒಂದು ವಲಸಿಗ ಕುಟುಂಬ ಕಟ್ಟಿದ ಮನೆ, ಈಗ ಮ್ಯೂಸಿಯಂ. ಅಡಿಗೆಮನೆಯಲ್ಲಿ ತೂಗು ಹಾಕಿದ ತಾಮ್ರದ ಪಾತ್ರೆ, ಮರದ ಕೋಲು. ಮೆಕ್ಕೆಜೋಳದ ಹಿಟ್ಟಿನಲ್ಲಿ ಪೊಲೆಂಟಾ ತೊಳಸುವ ಕೋಲು ಅದು. ನಮ್ಮ ಮುದ್ದೆ ಕೋಲು ನೋಡಿದವರಿಗೆ ವಿವರಣೆಯೇ ಬೇಡ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಹಡಗು ಹತ್ತುವಾಗ ಇವರು ತಮ್ಮನ್ನು ಇಟಾಲಿಯನ್ನರು ಅಂತ ಅಂದುಕೊಂಡಿದ್ದೇ ಕಡಿಮೆ. ಇಟಲಿ ಒಂದು ದೇಶವಾದದ್ದು 1861ರಲ್ಲಿ. ಇಲ್ಲಿಗೆ ಅತಿ ಹೆಚ್ಚು ಜನ ಬಂದ ವೆನೆಟೊ ಪ್ರದೇಶ ಅದಕ್ಕೆ ಸೇರಿದ್ದು 1866ರಲ್ಲಿ. ಟ್ರೆಂಟೊ ಕಡೆಯವರಂತೂ ಆಸ್ಟ್ರಿಯಾದ ಪ್ರಜೆಗಳಾಗಿ ಬಂದವರು. ಒಬ್ಬರು ವಿಚೆಂಜಾದವರು, ಪಕ್ಕದ ಜಮೀನಿನವರು ಬೆಲ್ಲೂನೊದವರು, ಆಚೆಯವರು ಲೊಂಬಾರ್ದಿಯವರು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧಂಬರ್ಧ. ಒಂದೇ ಚಾಪೆಲ್‌ನಲ್ಲಿ ಪ್ರಾರ್ಥಿಸಿ, ಒಂದೇ ಒಲೆಯ ಸುತ್ತ ಕೂತು ಒಬ್ಬರ ಹಾಡನ್ನು ಇನ್ನೊಬ್ಬರು ಕಲಿತರು. ವೆನೆಟೊ ಮಾತುಗಳನ್ನು ತಳಹದಿಯಾಗಿ ಇಟ್ಟುಕೊಂಡು ತಾಲಿಯಾನ್ ಹುಟ್ಟಿದ್ದು ಹಾಗೆ. ಇಟಲಿಯಿಂದ ತಂದದ್ದು ಊರೂರಿನ ಹಾಡು. ಅವನ್ನೆಲ್ಲ ಸೇರಿಸಿ 'ನಾವು ಇಟಲಿಯವರು' ಅಂದುಕೊಂಡದ್ದು ಬ್ರೆಜಿಲ್‌ಗೆ ಬಂದ ಮೇಲೆ. ಈ ಪ್ರವಾಸದ ಉದ್ದಕ್ಕೂ ನನ್ನ ತಲೆಯಲ್ಲಿ ತಿರುಗುತ್ತಿದ್ದದ್ದು ಇದೇ.

ಮಧ್ಯಾಹ್ನ ವಲಸಿಗರ ರಾಷ್ಟ್ರೀಯ ಸ್ಮಾರಕ ನೋಡಿದೆವು. ಶಿಲ್ಪಿ ಆಂಟೋನಿಯೊ ಕರಿಂಜಿ ಮಾಡಿದ ಕಂಚಿನ ಗಂಡ ಹೆಂಡತಿ, ಹೆಂಡತಿಯ ತೋಳಲ್ಲಿ ಮಗು. 1954ರಲ್ಲಿ ಇದನ್ನು ಉದ್ಘಾಟಿಸಿದವರು ಅಧ್ಯಕ್ಷ ಜೆತೂಲಿಯೊ ವಾರ್ಗಾಸ್. ಅದಕ್ಕೂ ಮೊದಲು, 1937ರಿಂದ 1945ರವರೆಗಿನ ಅವರದೇ ಸರ್ವಾಧಿಕಾರದ ಕಾಲದಲ್ಲಿ, ಪರಭಾಷೆಯ ಶಾಲೆಗಳು ಮುಚ್ಚಿದವು. 1942ರಲ್ಲಿ ಬ್ರೆಜಿಲ್ ಇಟಲಿಯ ಮೇಲೆ ಯುದ್ಧ ಸಾರಿದ ಮೇಲೆ ಬೀದಿಯಲ್ಲಿ ಮನೆ ಮಾತು ಆಡಿದರೆ ಪೊಲೀಸರು ಹಿಡಿಯುವ ಕಾಲ ಬಂತು. ಪೋರ್ಚುಗೀಸ್ ಬಾರದ ಮುದುಕರು ಅಂಗಡಿಗೆ ಹೋಗಿ ಬೆರಳು ತೋರಿಸಿ ಸಾಮಾನು ತಂದರಂತೆ. ಸ್ಮಾರಕದ ಮುಂದೆ ನಿಂತು ನನ್ನ ಗೆಳತಿ ಹೇಳಿದ್ದು: "ನಮ್ಮಮ್ಮನಿಗೆ ಅವರಮ್ಮ ತಾಲಿಯಾನ್ ಕಲಿಸಲೇ ಇಲ್ಲ. ಶಾಲೆಯಲ್ಲಿ ಮಗು ಅವಮಾನಪಡಬಾರದು ಅಂತ. ಆದರೆ ಹಾಡು ಮಾತ್ರ ಹಾಡ್ತಿದ್ದರು. ನನಗೆ ಬರೋ ತಾಲಿಯಾನ್ ಎಲ್ಲಾ ಹಾಡಿನಿಂದ ಬಂದದ್ದೇ."

ಇನ್ನೊಂದು ಮಾತು. ಈ ಊರಿನ ಹಳೆಯ ಹೆಸರು ಕಾಂಪೊ ದೊಸ್ ಬೂಗ್ರೆಸ್. ಮೂಲನಿವಾಸಿಗಳನ್ನು ಹೀನಾಯವಾಗಿ ಕರೆಯುತ್ತಿದ್ದ ಪದ ಅದರಲ್ಲಿದೆ. ಈ ಕಾಡು ಕಾಯಿಂಗಾಂಗ್ ಜನರದ್ದಾಗಿತ್ತು. 'ಮೇರಿಕಾ'ದ ಕೊನೆಯ ನುಡಿಯಲ್ಲಿ ಅಮೆರಿಕ ಉದ್ದ ಇದೆ, ಅಗಲ ಇದೆ, ಸುತ್ತ ನದಿ ಬೆಟ್ಟಗಳಿವೆ, ನಮ್ಮ ದುಡಿಮೆಯಿಂದ ಊರು ಕಟ್ಟಿದೆವು ಎಂದು ಬರುತ್ತದೆ. ನದಿ, ಬೆಟ್ಟಗಳ ಸಾಲಿನಲ್ಲಿ ಕಾಯಿಂಗಾಂಗ್ ಜನ ಇಲ್ಲ. ಹಾಡನ್ನು ನಾನು ಪ್ರೀತಿಸುತ್ತೇನೆ. ಆದರೂ ಈ ಕೊರತೆಯನ್ನು ಹೇಳದೆ ಇರಲಾರೆ.

ಗುರುವಾರ: ಬೆಂತೊ ಗೊನ್ಸಾಲ್ವೆಸ್, ಉಗಿಬಂಡಿ

ಪ್ರವಾಸಿಗರೆಲ್ಲ ಹತ್ತುವ ಮರಿಯಾ ಫುಮಾಸಾ ಉಗಿ ರೈಲನ್ನು ನಾವೂ ಹತ್ತಿದೆವು. ಬೆಂತೊದಿಂದ ಗರಿಬಾಲ್ದಿ ಮೇಲೆ ಕಾರ್ಲೋಸ್ ಬಾರ್ಬೊಜಾವರೆಗೆ 23 ಕಿ.ಮೀ. ಬೋಗಿಯಿಂದ ಬೋಗಿಗೆ ಹಾಡುಗಾರರ ತಂಡ ಬರುತ್ತದೆ. ಕೈಯಲ್ಲಿ ಅಕಾರ್ಡಿಯನ್, ಕೊರಳಿಗೆ ಕೆಂಪು ವಸ್ತ್ರ. ಹಾಡು, ಚಪ್ಪಾಳೆ, ಆಮೇಲೆ ತರಾಂತೆಲ್ಲಾ ಕುಣಿತ.

ತರಾಂತೆಲ್ಲಾ ದಕ್ಷಿಣ ಇಟಲಿಯ ಕುಣಿತ. ಇಲ್ಲಿಗೆ ಬಂದವರು ಉತ್ತರದವರು. ಅವರ ಅಜ್ಜ ಅಜ್ಜಿಯರು ಅದನ್ನು ಕುಣಿದಿರಲಿಕ್ಕಿಲ್ಲ. ಹಾಗಂತ ನನಗೆ ಬೇಜಾರೇನೂ ಆಗಲಿಲ್ಲ. ಟಿಕೆಟ್ ಕೊಂಡು ಬಂದವರಿಗೆ ಇಟಲಿ ಎಂದರೆ ಏನು ಎಂದು ಒಂದೂವರೆ ಗಂಟೆಯಲ್ಲಿ ತೋರಿಸಬೇಕಾದಾಗ ಜಗತ್ತಿಗೆಲ್ಲ ಗೊತ್ತಿರುವುದನ್ನೇ ತೋರಿಸುತ್ತಾರೆ. ಅದರಿಂದ ನಾಲ್ಕು ಜನ ಕಲಾವಿದರ ಮನೆ ನಡೆಯುತ್ತದೆ. ನನ್ನ ಎದುರು ಸೀಟಿನ ಹಿರಿಯರೊಬ್ಬರು ಕುಣಿತ ಮುಗಿಯುವವರೆಗೆ ಸುಮ್ನೆ ಕೂತಿದ್ದರು. ಉತ್ತರ ಇಟಲಿಯ ಜನಪದ ಹಾಡು 'ಕೆಲ್ ಮಜ್ಜೊಲಿನ್ ದಿ ಫಿಯೊರಿ' ಶುರುವಾದ ತಕ್ಷಣ ಟೋಪಿ ತೆಗೆದು ಕೆಳಗಿನ ಸ್ವರ ಹಿಡಿದರು. ಹಾಡುಗಾರರು ಅವರ ಕಡೆ ತಿರುಗಿ ಹಾಡಿದರು. ಆ ಎರಡು ನಿಮಿಷಕ್ಕೆ ಟಿಕೆಟ್ ದುಡ್ಡು ಸಾರ್ಥಕವಾಯಿತು.

ಬೆಂತೊದಲ್ಲಿ ಗೊತ್ತಾದ ಒಂದು ಸಂಗತಿ ಇಲ್ಲೇ ಬರೆಯುತ್ತೇನೆ. ಈ ಊರಿನ ಟೊಡೆಸ್ಕಿನಿ ಇಂದು ಅಡಿಗೆಮನೆಯ ಕಪಾಟು ಮಾಡುವ ದೊಡ್ಡ ಕಂಪನಿ. ಅದು 1939ರಲ್ಲಿ ಶುರುವಾದದ್ದು ಅಕಾರ್ಡಿಯನ್ ಕಾರ್ಖಾನೆಯಾಗಿ. ಬ್ರೆಜಿಲ್‌ನಲ್ಲಿ ಹಳೆಯ ಟೊಡೆಸ್ಕಿನಿ ಅಕಾರ್ಡಿಯನ್ ಇದ್ದರೆ ಅದನ್ನು ಆಸ್ತಿಯ ಹಾಗೆ ಕಾಪಾಡುತ್ತಾರೆ. ಗೌಶೊ ಎನ್ನುವ ಇಲ್ಲಿನ ದನಗಾಹಿಗಳ ಸಂಗೀತ ಅಕಾರ್ಡಿಯನ್ ಇಲ್ಲದೆ ನಡೆಯುವುದಿಲ್ಲ. ಆ ವಾದ್ಯ ಇವರ ಕೈಗೆ ತಲುಪಿದ್ದರಲ್ಲಿ ಇಟಲಿ ಮೂಲದ ಕುಶಲಕರ್ಮಿಗಳ ಪಾಲು ದೊಡ್ಡದು. ಹಾಗೇ ಗೌಶೊ ಜನರ ಶಿಮರಾವ್ (ಸೋರೆ ಬುರುಡೆಯಲ್ಲಿ ಕುಡಿಯುವ ಕಹಿ ಚಹಾ) ಇಟಲಿಯವರ ಮನೆಗೆ ಬಂತು. ಕೊಟ್ಟು ತೆಗೆದುಕೊಂಡು ಬಾಳಿದ್ದಾರೆ.

ಶುಕ್ರವಾರ: ಆಂಟೋನಿಯೊ ಪ್ರಾಡೊ, ರಾತ್ರಿಯ ಫಿಲೊ

ನಾನು ಕಾಯುತ್ತಿದ್ದ ದಿನ ಇದು.

ಆಂಟೋನಿಯೊ ಪ್ರಾಡೊ 1886ರಲ್ಲಿ ಶುರುವಾದ ಊರು. ಚೌಕದ ಸುತ್ತ 48 ಹಳೆಯ ಮನೆಗಳನ್ನು ಸರ್ಕಾರ ರಕ್ಷಿಸಿದೆ. ಹೆಚ್ಚಿನವು ಅರೌಕಾರಿಯಾ ಮರದ ಹಲಗೆಯವು. ಸೂರಿನ ಅಂಚಿಗೆ ಲೇಸಿನ ಹಾಗೆ ಕೊರೆದ ಮರದ ಪಟ್ಟಿ. ಹಳೆಯ ಮನೆಗಳಲ್ಲಿ ಬೆಂಕಿಯ ಭಯಕ್ಕೆ ಅಡಿಗೆಮನೆಯನ್ನು ಬೇರೆಯಾಗಿಯೇ ಕಟ್ಟುತ್ತಿದ್ದರು. ಊರು ಚೆನ್ನಾಗಿದೆ, ಅರ್ಧ ದಿನ ನಡೆದಾಡಿದೆವು. ಆದರೆ ನನ್ನ ಮನಸ್ಸು ಸಂಜೆಯ ಮೇಲಿತ್ತು.

ಗೆಳತಿಯ ದೊಡ್ಡಮ್ಮನ ಮನೆ ಊರಿನಿಂದ ಆಚೆ, ಮಣ್ಣಿನ ರಸ್ತೆಯಲ್ಲಿದೆ. ಅಲ್ಲಿ ಆವತ್ತು ಫಿಲೊ. ಹಿಂದೆ ಚಳಿಗಾಲದ ರಾತ್ರಿ ಕೆಲಸ ಮುಗಿಸಿ, ಲಾಟೀನು ಹಿಡಿದು ನೆರೆಮನೆಗೆ ಹೋಗಿ ಕೂರುತ್ತಿದ್ದರು. ಅದೇ ಫಿಲೊ. ಮನೆಗಳು ದೂರ ದೂರ. ಒಬ್ಬೊಬ್ಬರ ಪಾಲಿಗೆ 25 ಹೆಕ್ಟೇರ್, ಕೆಲವರಿಗೆ ಅದಕ್ಕೂ ಜಾಸ್ತಿ. ನಡುವೆ ಕಾಡು. ಈ ಸೇರುವಿಕೆ ಇಲ್ಲದಿದ್ದರೆ ಒಂಟಿತನಕ್ಕೇ ಜನ ಸೋಲುತ್ತಿದ್ದರೇನೋ.

ಬಾಗಿಲು ತೆಗೆದ ಕೂಡಲೇ ಸೌದೆ ಒಲೆಯ ಬಿಸಿ ಮುಖಕ್ಕೆ ಬಡಿಯಿತು. ಒಲೆಯ ಕಬ್ಬಿಣದ ತಟ್ಟೆಯ ಮೇಲೆ ಪಿನ್ಯಾವ್ ಬೀಜಗಳು ಚಟಪಟ ಸುಡುತ್ತಿದ್ದವು. ಅರೌಕಾರಿಯಾ ಮರದ ಬೀಜ ಅದು, ಬೆರಳಿನ ಗಂಟಿನಷ್ಟು ಉದ್ದ. ಸಿಪ್ಪೆ ಕಿತ್ತು ಉಪ್ಪು ಹಚ್ಚಿ ತಿನ್ನಬೇಕು. ಮೇಜಿನ ಮೇಲೆ ಸಲಾಮಿ, ಗಿಣ್ಣು, ದಾರದಿಂದ ಕೊಯ್ದ ಪೊಲೆಂಟಾ, ಮನೆಯ ದ್ರಾಕ್ಷಿಯ ಕಪ್ಪು ವೈನ್. ನಾನು ಕುಡಿಯುವುದಿಲ್ಲ ಎಂದಾಗ ಯಾರೂ ಒತ್ತಾಯ ಮಾಡಲಿಲ್ಲ, ದ್ರಾಕ್ಷಿ ರಸ ತಂದಿಟ್ಟರು.

ಮೊದಲು ಜಪಮಾಲೆ ಪ್ರಾರ್ಥನೆ. ಲ್ಯಾಟಿನ್‌ನಲ್ಲಿ ಲಿಟನಿ ಹಾಡಿದರು. ಒಬ್ಬರು ಒಂದು ಹೆಸರು ಹೇಳುವುದು, ಉಳಿದವರು ಉತ್ತರ ಕೊಡುವುದು. ದೊಡ್ಡಮ್ಮನ ತಾಯಿ ಒಲೆಯ ಪಕ್ಕ ಕೂತಿದ್ದರು. ಎಲ್ಲರೂ ಅವರನ್ನು ನೋನಾ ಎನ್ನುತ್ತಾರೆ, ನಾನೂ ಹಾಗೇ ಕರೆದೆ. ಕೈಯಲ್ಲಿ ಗೋಧಿ ಹುಲ್ಲು. ಏಳು ಎಳೆ ಹಿಡಿದು, ನೋಡದೆಯೇ, ಪಟ್ಟಿ ಹೆಣೆಯುತ್ತಿದ್ದರು. ಟೋಪಿ, ಚೀಲ ಮಾಡುವ ಪಟ್ಟಿ ಅದು. "ಮಾತು ನಿಷೇಧ ಮಾಡಿದ ಕಾಲ ನಿಮಗೆ ನೆನಪಿದೆಯಾ ನೋನಾ?" ಎಂದು ಕೇಳಿದೆ. ಅವರು ಹೆಣೆಯುವುದನ್ನು ನಿಲ್ಲಿಸಲಿಲ್ಲ. "ನಾನು ಚಿಕ್ಕವಳು. ಅಪ್ಪ ಕಿಟಕಿ ಮುಚ್ಚಿ ಬಾ ಅನ್ನೋರು. ಮುಚ್ಚಿದ ಮೇಲೆ ಹಾಡೋರು, ಮೆಲ್ಲಗೆ. ಲ್ಯಾಟಿನ್ ಮಾತ್ರ ಜೋರಾಗಿ. ಪೂಜೆಯ ಭಾಷೆ ಅಲ್ವಾ, ಅದನ್ನು ಯಾರು ಬೇಡ ಅಂತಾರೆ?"

ಆಮೇಲೆ ಹಾಡು ಶುರುವಾಯಿತು. ಯಾರೂ 'ಈಗ ಹಾಡೋಣ' ಅನ್ನಲಿಲ್ಲ. ಮಾತಿನ ನಡುವೆ ಒಬ್ಬ ಗಂಡಸು ಕಣ್ಣು ಮುಚ್ಚಿ ಎತ್ತರದ ಸ್ವರದಲ್ಲಿ ಒಂದು ಸಾಲು ಎಸೆದ. ಎರಡನೇ ಸಾಲಿಗೆ ಹೆಂಗಸರು ಅವನಿಗಿಂತ ಮೂರು ಸ್ವರ ಆಚೆ ನಿಂತು ಸೇರಿದರು. ಕೊನೆಗೆ ಇಬ್ಬರು ಮುದುಕರು ತಳದಲ್ಲಿ ಒಂದೇ ಸ್ವರ ಹಿಡಿದು ಕೂತರು. ಶ್ರುತಿಪೆಟ್ಟಿಗೆ ಇಲ್ಲ, ತಾಳ ಹಾಕುವವರಿಲ್ಲ. ಅಡಿಗೆಮನೆಯ ಹಲಗೆ ಗೋಡೆ ನಿಜವಾಗಿಯೂ ನಡುಗುವುದು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು.

'ಲಾ ಬೆಲ್ಲಾ ಪೊಲೆಂಟಾ' ಬಂದಾಗ ಮಕ್ಕಳೂ ಸೇರಿದರು. ಅದು ಬೆಳೆಯುತ್ತಾ ಹೋಗುವ ಹಾಡು. ಪೊಲೆಂಟಾ ನೆಡುವುದು ಹೀಗೆ, ಬೆಳೆಯುವುದು ಹೀಗೆ, ಹೂ ಬಿಡುವುದು ಹೀಗೆ ಎಂದು ಕೈ ತೋರಿಸುತ್ತಾ, ಪ್ರತಿ ನುಡಿಗೂ ಹಿಂದಿನದೆಲ್ಲಾ ಮತ್ತೆ ಹೇಳುತ್ತಾ, ತೊಳಸಿ, ಕೊಯ್ದು, ತಿಂದು ಮುಗಿಸುವವರೆಗೆ ಹೋಗುತ್ತದೆ. ಪುಟ್ಟ ಹುಡುಗನೊಬ್ಬ ತೊಳಸುವ ಜಾಗಕ್ಕೆ ಬಂದಾಗ ಎರಡೂ ಕೈಯಿಂದ, ಸೊಂಟ ತಿರುಗಿಸಿ, ನಿಜವಾದ ಪಾತ್ರೆ ಇರುವಂತೆ ತೊಳಸಿದ. ಅವನಿಗೆ ತಾಲಿಯಾನ್‌ನಲ್ಲಿ ಮಾತಾಡಲು ಬರುವುದಿಲ್ಲ. ಹಾಡಿನ ಕ್ರಿಯಾಪದಗಳೆಲ್ಲ ಅವನ ಕೈಗೆ ಬರುತ್ತವೆ.

ರಾತ್ರಿ ಹತ್ತರ ಮೇಲೆ ನೋನಾ ಒಬ್ಬರೇ 'ದೊನ್ನಾ ಲೊಂಬಾರ್ದಾ' ಹಾಡಿದರು. ಉತ್ತರ ಇಟಲಿಯ ಬಹಳ ಹಳೆಯ ಕಥನಗೀತೆ ಅದು. ಒಬ್ಬಳಿಗೆ ಪ್ರಿಯಕರ ಹೇಳಿಕೊಡುತ್ತಾನೆ: ಹಾವನ್ನು ಜಜ್ಜಿ ಗಂಡನ ವೈನಿಗೆ ಬೆರೆಸು. ಬಾಯಾರಿ ಬಂದ ಗಂಡ ಲೋಟ ಎತ್ತುವಾಗ ತೊಟ್ಟಿಲ ಕೂಸು ಬಾಯಿ ಬಿಟ್ಟು ಹೇಳುತ್ತದೆ, ಕುಡಿಯಬೇಡಪ್ಪ ಎಂದು. ಗಂಡ ಆ ಲೋಟವನ್ನು ಅವಳಿಗೇ ಕುಡಿಸುತ್ತಾನೆ. ನೋನಾ ಇದನ್ನು ದನಿಯೇರಿಸದೆ, ಸುದ್ದಿ ಹೇಳುವಂತೆ ಹಾಡಿದರು. ಕೂಸು ಮಾತಾಡುವ ಸಾಲಿನಲ್ಲಿ ಮಾತ್ರ ಹುಲ್ಲು ಹೆಣೆಯುವ ಕೈ ಒಂದು ಕ್ಷಣ ನಿಂತಿತು. ಯಾರಿಂದ ಕಲಿತಿರಿ ಎಂದರೆ ಅಜ್ಜಿಯಿಂದ ಎಂದರು. ಆ ಅಜ್ಜಿ ಹಡಗಿನಲ್ಲಿ ಬಂದವರು.

ಶನಿವಾರ

ಇಡೀ ದಿನ ಮಳೆ, ಬಸ್ಸು. ಸೆರಾಫಿನಾ ಕೊರೆಯಾಗೆ ಬಂದು ತಲುಪುವಾಗ ಕತ್ತಲಾಗಿತ್ತು. ಬಿಸಿ ಬಿಸಿ ಅನ್ಯೊಲಿನಿ ಸೂಪ್ ಕುಡಿದು ಮಲಗಿದೆವು.

ಭಾನುವಾರ: ಸೆರಾಫಿನಾ ಕೊರೆಯಾ

ಈ ಪುಟ್ಟ ಊರಿನಲ್ಲಿ 2009ರಿಂದ ಪೋರ್ಚುಗೀಸ್ ಜೊತೆಗೆ ತಾಲಿಯಾನ್ ಕೂಡ ಅಧಿಕೃತ ಭಾಷೆ. 2014ರಲ್ಲಿ ರಾಷ್ಟ್ರದ ಪರಂಪರೆ ಇಲಾಖೆ ಅದನ್ನು ಬ್ರೆಜಿಲ್‌ನ ಭಾಷಾ ವೈವಿಧ್ಯದ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ಒಂದು ಕಾಲದಲ್ಲಿ ಕಿಟಕಿ ಮುಚ್ಚಿಸಿದ ಮಾತಿಗೆ ಅದೇ ದೇಶ ಕಾಗದದ ಮೇಲೆ ಮಾನ ಕೊಟ್ಟಿತು. ಊರಿನಲ್ಲಿ ವೀಯಾ ಜೆನೊವಾ ಎಂಬ ಬೀದಿ ಇದೆ. ರೋಮ್‌ನ ಕೊಲೊಸಿಯಂ, ವಲಸೆಯ ಹಡಗು ಮುಂತಾದವುಗಳ ಮಾದರಿ ಕಟ್ಟಡಗಳು ಅಲ್ಲಿವೆ. ಫೋಟೊಗೆ ಚೆನ್ನಾಗಿದೆ, ಬೇಗ ಮುಗಿಸಿ ಹಳ್ಳಿಯ ಚಾಪೆಲ್‌ನ ಹಬ್ಬಕ್ಕೆ ಹೋದೆವು.

ಪ್ರತಿ ಹಳ್ಳಿಗೂ ಒಂದು ಚಾಪೆಲ್, ಪಕ್ಕದಲ್ಲಿ ಊಟದ ಹಾಲ್. ಸಂತನ ಹೆಸರಲ್ಲಿ ವರ್ಷಕ್ಕೊಂದು ಹಬ್ಬ, ಸಾಮೂಹಿಕ ಊಟ. ಪೂಜೆ ಮುಗಿದು, ಕುಂಬಳಕಾಯಿ ತುಂಬಿದ ತೊರ್ತೆಯಿ ತಿಂದು ಎದ್ದಾಗ ಹೊರಗೆ ಗಲಾಟೆ. ಜಗಳ ಅಂದುಕೊಂಡೆ. ನೋಡಿದರೆ ಮೊರಾ ಆಟ. ಎದುರುಬದುರು ನಿಂತು ಬೆರಳು ಚಾಚಿ, ಒಟ್ಟು ಎಷ್ಟು ಎಂದು ತಾಲಿಯಾನ್‌ನಲ್ಲಿ ಕಿರುಚುವುದು. ಗೆದ್ದವರು, ಸೋತವರು ಒಂದೇ ಮೇಜಿಗೆ ಕೂತು ಹಾಡಲು ಶುರು ಮಾಡಿದರು.

ಅಲ್ಲಿ ಅಕಾರ್ಡಿಯನ್ ನುಡಿಸುತ್ತಿದ್ದ ಹುಡುಗನಿಗೆ ಇಪ್ಪತ್ತೂ ತುಂಬಿರಲಿಲ್ಲ. ತಾಲಿಯಾನ್ ಅಜ್ಜನಿಂದಲೂ, ರೇಡಿಯೊದಿಂದಲೂ ಕಲಿತನಂತೆ. ಈ ಸೀಮೆಯ ಎಷ್ಟೋ ರೇಡಿಯೊ ಕೇಂದ್ರಗಳಲ್ಲಿ ವಾರಾಂತ್ಯದಲ್ಲಿ ತಾಲಿಯಾನ್ ಕಾರ್ಯಕ್ರಮ ಇರುತ್ತದೆ. ಅವನು ಹಳೆಯ ಒಂದು ಧಾಟಿಗೆ ಹೊಸ ಸಾಲು ಕಟ್ಟಿದ್ದ. 2024ರ ಮಳೆ, ರಸ್ತೆ ಕುಸಿದದ್ದು, ಮೂರು ದಿನ ಕರೆಂಟು ಇಲ್ಲದ್ದು, ಪಕ್ಕದ ಹಳ್ಳಿಯವರು ಟ್ರ್ಯಾಕ್ಟರ್ ತಂದು ಮಣ್ಣು ತೆಗೆದದ್ದು, ಎಲ್ಲಾ ಅದರಲ್ಲಿತ್ತು. ಹಾಡಿನ ಮ್ಯೂಸಿಯಂ ನೋಡಲು ಬಂದಿದ್ದೇನೆ ಎಂಬ ಭಾವನೆ ನನ್ನಲ್ಲಿ ಎಲ್ಲೋ ಮೂಲೆಯಲ್ಲಿದ್ದರೆ ಅದು ಅಲ್ಲೇ ಹೋಯಿತು. 36 ದಿನದ ಹಡಗಿನ ಕಷ್ಟ ಹಾಡಾದದ್ದೂ ಹೀಗೇ ಅಲ್ವಾ?

ಹಾಡು ಮುಗಿದಾಗ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಒಬ್ಬ ಅಜ್ಜ ಎರಡನೇ ನುಡಿಯ ಒಂದು ಪದ ಸರಿಯಿಲ್ಲ ಎಂದರು, ತಮ್ಮ ಮನೆಯಲ್ಲಿ ಹಾಗೆ ಅನ್ನುವುದಿಲ್ಲವಂತೆ. ಇನ್ನೊಬ್ಬರು, ನಿಮ್ಮವರು ಬೆಲ್ಲೂನೊದವರು, ನಮ್ಮವರು ವಿಚೆಂಜಾದವರು, ಹುಡುಗ ಹೇಳಿದ್ದೇ ಸರಿ ಎಂದರು. ನಾಲ್ಕು ಮೇಜಿನವರು ಎದ್ದು ಬಂದರು. ಹುಡುಗ ಎರಡೂ ಪದ ಹಾಕಿ ಎರಡು ಸಲ ಹಾಡಿ ತೋರಿಸಬೇಕಾಯಿತು. 150 ವರ್ಷದ ಮೇಲೂ ಯಾರ ಮುತ್ತಜ್ಜ ಯಾವ ಕಣಿವೆಯವನು ಎಂದು ಇವರಿಗೆ ಗೊತ್ತು. ಆದರೂ ಹಾಡುವುದು ಒಟ್ಟಿಗೇ.

ಈ ಕಡೆ ಬರುವವರಿದ್ದರೆ ಚಳಿಗಾಲದಲ್ಲಿ ಬನ್ನಿ, ಪಿನ್ಯಾವ್ ಸಿಗುವ ಕಾಲ. ರೈಲು ಹತ್ತಿ, ವೈನ್ ಕಣಿವೆ ನೋಡಿ. ಒಂದು ಭಾನುವಾರವನ್ನು ಮಾತ್ರ ಖಾಲಿ ಇಟ್ಟುಕೊಂಡು, ಹತ್ತಿರದಲ್ಲಿ ಯಾವ ಚಾಪೆಲ್‌ನ ಹಬ್ಬ ಇದೆ ಎಂದು ಹೋಟೆಲಿನವರನ್ನು ವಿಚಾರಿಸಿ. ಊಟದ ಚೀಟಿ ಮೊದಲೇ ತೆಗೆದುಕೊಳ್ಳಬೇಕು. ಊಟವಾದ ತಕ್ಷಣ ಹೊರಡಬೇಡಿ. ಹಾಡು ಶುರುವಾಗುವುದು ಆಮೇಲೆ.